ಕೊಡ ಇಟ್ಟು ಹಿಂದೆ ಸರಿದವರು

ಮೊನ್ನೆ ಮಾನ್ವಿಗೆ ಮಗಳ ಮನೆಗೆ ಹೋಗಿದ್ದೆ. ಯುಗಾದಿ ಹತ್ತಿರ ಬಂದಿತ್ತು, ಹಿತ್ತಲ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಈಗ ಎಲ್ಲರೂ ಡಬ್ಬಿಯ ಬಣ್ಣ ತರುತ್ತಾರೆ. ನಮ್ಮ ಬೀಗರು ಮಾತ್ರ ಹಟದ ಮನುಷ್ಯ, ಸುಣ್ಣದ ಹರಳು ತಂದು ನೀರಿಗೆ ಹಾಕಿ ಕುದಿಸಿಯೇ ಆಗಬೇಕು. ಆ ಹಸಿ ಸುಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕೂತಲ್ಲೇ ಕಳೆದುಹೋದೆ. ಮಗಳು ಕರೆದದ್ದು ಕೇಳಿಸಲಿಲ್ಲ. ಚಹಾ ಆರಿ ಕೆನೆಗಟ್ಟಿತ್ತು. ಯಪ್ಪಾ, ಎಲ್ಲಿಗೆ ಹೋಗಿದ್ದಿ ಅಂತ ಆಮೇಲೆ ನಕ್ಕಳು. ನಾನು ಹೋಗಿದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಗೆ, ಹೊಸದಾಗಿ ಸುಣ್ಣ ಬಳಿದ ಒಂದು ಬಾವಿಕಟ್ಟೆಯ ಹತ್ತಿರಕ್ಕೆ. ಅಲ್ಲಿಗೆ ನಾನು ಆಗಾಗ ಹೋಗುತ್ತೇನೆ. ಹೋದಾಗಲೆಲ್ಲ ಎದೆ ಒಂದಿಷ್ಟು ಉಬ್ಬುತ್ತದೆ, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ಆಗ ನಾನು ರಾಯಚೂರಿನಲ್ಲಿ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದೆ. ಅದಕ್ಕೂ ಮೊದಲು ಹತ್ತಿ ಗಿರಣಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುತ್ತಿದ್ದವನು. ಗಿರಣಿಯ ಹಿಂದೆ ಶಿವಶರಣಪ್ಪ ಮಾಸ್ತರರು ಕೂಲಿಯವರಿಗೆಂದು ಸಂಜೆ ಶಾಲೆ ನಡೆಸುತ್ತಿದ್ದರು. ಅಲ್ಲಿ ಅಕ್ಷರ ಕಲಿತೆ. ಮಾಸ್ತರರೇ ಒಂದು ವಾರಪತ್ರಿಕೆಯನ್ನೂ ತರುತ್ತಿದ್ದರು, ನಾನು ಓದುವುದು ನೋಡಿ ಮೊಳೆ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದರು. ಅವರು ಅಕ್ಕಿ ಗಿರಣಿಯವರ ಮನೆತನದ ಲಿಂಗವಂತರು, ನಾನು ಕೇರಿಯವನು. ನನ್ನನ್ನು ಒಳಗೆ ಸೇರಿಸಿಕೊಂಡದ್ದಕ್ಕೆ ಹಳೆಯ ಕೆಲಸಗಾರನೊಬ್ಬ ಬಿಟ್ಟುಹೋದ. ಅವನ ಜಾಗವನ್ನೂ ನನಗೇ ಕೊಟ್ಟು ಮಾಸ್ತರರು ಮತ್ತೆ ತಮ್ಮ ಬರವಣಿಗೆಗೆ ಕೂತರು. ಅದು ನಿಜಾಮರ ಕಾಲ. ಕಚೇರಿಯ ಭಾಷೆ ಉರ್ದು, ಪತ್ರಿಕೆ ನಡೆಸಲು ಸರಕಾರದ ಪರವಾನಗಿ ಬೇಕು, ಕಾಗದ ಸಿಗುವುದೂ ಕಷ್ಟ. ನಮ್ಮದು ಒಂದೇ ಹಾಳೆಯ ಪತ್ರಿಕೆ, ಎರಡೂ ಮಗ್ಗುಲಿಗೆ ಸುದ್ದಿ. ಆದರೆ ಅದನ್ನು ಮಾನ್ವಿಯ ಸಂತೆಯಲ್ಲಿ, ದೇವದುರ್ಗದ ಚಹಾದಂಗಡಿಯಲ್ಲಿ ಒಬ್ಬ ಓದಿದರೆ ಸುತ್ತ ಕೂತವರೆಲ್ಲ ಕೇಳುತ್ತಿದ್ದರು.

ಆ ಬೇಸಿಗೆ ಒಬ್ಬ ಗುತ್ತೇದಾರ ಅಚ್ಚುಕೂಟಕ್ಕೆ ಬಂದ. ಸರಕಾರದ ಕಟ್ಟಡ, ಬಾವಿ, ರಸ್ತೆಯ ಕೆಲಸ ಹಿಡಿಯುವವನು. ಮೈತುಂಬ ಅತ್ತರು, ಕೈಯಲ್ಲಿ ಪೇಢೆಯ ಪುಡಿಕೆ. ಒಂದು ಸಂತೋಷದ ಸುದ್ದಿ ಹಾಕಬೇಕಿತ್ತು ಅಂದ. ಕುಡಿಯುವ ನೀರಿಗೆ ಗೋಳಾಡುತ್ತಿದ್ದ ಒಂದು ಕೇರಿಗೆ ತಾನು ಸಿಹಿನೀರಿನ ಬಾವಿ ತೋಡಿಸಿ ಕಲ್ಲು ಕಟ್ಟಿಸಿ ಮುಗಿಸಿದ್ದೇನೆ, ಬರುವ ವಾರ ತಾಲೂಕುದಾರ ಸಾಹೇಬರೇ ನೋಡಲು ಬರುತ್ತಾರೆ, ಅದಕ್ಕೂ ಮೊದಲು ಪತ್ರಿಕೆಯಲ್ಲಿ ಬಂದರೆ ಚಂದ ಎಂದು ವಿವರಿಸಿದ. ತಾಲೂಕುದಾರ ಅಂದರೆ ಈಗಿನ ಕಲೆಕ್ಟರ್ ಇದ್ದಂತೆ, ಇಡೀ ಜಿಲ್ಲೆಗೇ ದೊಡ್ಡವರು. ಆಮೇಲೆ ಊರಿನ ಹೆಸರು ಹೇಳಿದ.

ಅದು ನನ್ನ ಊರು. ದೇವದುರ್ಗದಿಂದ ಮಾನ್ವಿಯ ಕಡೆಗೆ ಹೋಗುವ ಬಂಡಿ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ, ಏಕೆಂದರೆ ಅಂದು ತಪ್ಪು ಮಾಡಿದವರ ಮೊಮ್ಮಕ್ಕಳು ಇಂದು ನನ್ನ ಮನೆಯಲ್ಲಿ ಕೂತು ಊಟ ಮಾಡುತ್ತಾರೆ. ಕೇರಿಯೂ ನನ್ನದೇ. ನಮ್ಮ ಕೇರಿಗೆ ಬಾವಿಯೇ ಇರಲಿಲ್ಲ. ನಮ್ಮ ಹೆಂಗಸರು ಊರ ಸಾಹುಕಾರರ ತೋಟದ ಬಾವಿಗೆ ಹೋಗುವರು. ಬಾವಿಕಟ್ಟೆಯಿಂದ ದೂರ ಕೊಡ ಇಟ್ಟು, ಹಿಂದೆ ಸರಿದು, ಕೈ ಕಟ್ಟಿಕೊಂಡು ನಿಲ್ಲುವರು. ಊರಿನ ಯಾರಾದರೂ ಕರುಣೆ ಬಂದಾಗ ನೀರು ಸೇದಿ ಮೇಲಿಂದ ಸುರಿಯುವರು. ಕರುಣೆ ಬರುವತನಕ ಬಿಸಿಲು. ಬೇಸಿಗೆಯಲ್ಲಿ ಅದೂ ಸಾಲದೆ ಹಳ್ಳದ ಮರಳು ತೋಡಿ ಒರತೆಯ ಉಪ್ಪುಪ್ಪಾದ ಸವಳು ನೀರು ಬಟ್ಟಲಲ್ಲಿ ತುಂಬಿಕೊಳ್ಳುವರು.

ಗುತ್ತೇದಾರ ಹೋದ ಮೇಲೆ ನಾನು ಮೊಳೆ ಜೋಡಿಸುವ ಕೋಲು ಕೆಳಗಿಟ್ಟು, ನಮ್ಮ ಕೇರಿಗೆ ಬಾವಿಯೇ ಇಲ್ಲವೆಂದು ಮಾಸ್ತರರಿಗೆ ಹೇಳಿದೆ. ಅವರು ಪೇಢೆಯ ಪುಡಿಕೆಯನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದರು. ನಾನು ಸಂಕ್ರಾಂತಿಯಿಂದ ಈಚೆಗೆ ಊರಿಗೆ ಹೋಗಿರಲಿಲ್ಲ, ಅಷ್ಟರಲ್ಲಿ ತೋಡಿದ್ದರೆ ಎಂದು ಅವರಿಗೆ ಅನುಮಾನ.

"ಮಾನಪ್ಪ, ನೀನ ಹೋಗಿ ಬಾ," ಅಂದರು. "ಕಣ್ಣಿಲೆ ನೋಡಿದ್ದು ಬರಿ. ಕೇಳಿದ್ದು ಬಿಡು. ಇದು ನಿನ್ನ ಕೇರಿ ಸುದ್ದಿ, ನೀನ ಬರೀಬೇಕು."

ಬಸ್ಸು ದೇವದುರ್ಗದ ತನಕ, ಮುಂದೆ ಕಾಲೇ ಗತಿ. ಬಿಸಿಲಿಗೆ ಕರಿನೆಲ ಬಾಯಿ ಬಿಟ್ಟಿತ್ತು. ಜೋಳದ ಕೂಳೆ ಚಪ್ಪಲಿಯೊಳಗೆ ಚುಚ್ಚುತ್ತಿತ್ತು, ಆದರೂ ನಾನು ಹೆಚ್ಚುಕಡಿಮೆ ಓಡಿಯೇ ಹೋದೆ. ನಿಜ ಹೇಳುತ್ತೇನೆ, ಬಾವಿ ಇರಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಸುದ್ದಿ ಹಾಳಾಗಲಿ, ನಮ್ಮ ಅಕ್ಕ ಬಿಸಿಲಲ್ಲಿ ನಿಲ್ಲುವುದು ತಪ್ಪಲಿ.

ಕೇರಿಯ ಹಿಂದೆ, ಹುಣಸೆಮರದ ಹತ್ತಿರ, ಭೂಮಿಪೂಜೆ ಮಾಡಿದ ಒಂದು ಗುಂಡಿ ಇತ್ತು. ಮೊಣಕಾಲುದ್ದ ಇದ್ದೀತು. ಒಳಗೆ ಕೋಳಿಗಳು ಮಣ್ಣು ಕೆದರಿಕೊಂಡು ತಂಪಾಗಿ ಮಲಗಿದ್ದವು.

ನನ್ನ ಅಕ್ಕ ದ್ಯಾವಮ್ಮನನ್ನು ಅದೇ ಕೇರಿಗೆ ಕೊಟ್ಟಿತ್ತು. ಅಕ್ಕನ ನಾಲಿಗೆಗೆ ಊರ ಗೌಡನೂ ಹೆದರುತ್ತಿದ್ದ. ಆದರೆ ಅವತ್ತು ಅವಳು ಸೀರೆಗೆ ಸಬಕಾರ ಹಾಕಿ ತಿಕ್ಕುತ್ತ ಕೂತಿದ್ದಳು. ಅವಳಿಂದ ಎಲ್ಲ ತಿಳಿಯಿತು. ಗುತ್ತೇದಾರನಿಗೆ ತೋಟದ ಸಾಹುಕಾರ ಬೀಗನಾಗಬೇಕು. ಸಾಹುಕಾರನ ಬಾವಿಗೇ ಸುಣ್ಣ ಬಳಿದು ಅದನ್ನೇ ಕೇರಿಯ ಬಾವಿ ಎಂದು ಸಾಹೇಬರಿಗೆ ತೋರಿಸುವುದು ಅವರ ಯೋಜನೆ. ಕೇರಿಯ ಹೆಂಗಸರು ಒಗೆದ ಸೀರೆ ಉಟ್ಟು, ಬೆಳಗಿದ ಕೊಡ ತಂದು, ಸಾಹೇಬರ ಮುಂದೆ ನೀರು ತುಂಬಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಅವತ್ತು ಇಡೀ ದಿನ ಎಷ್ಟು ಬೇಕೋ ಅಷ್ಟು ಸಿಹಿನೀರು. ಇಂಥ ಸುಳ್ಳಿಗೆ ನೀವು ಯಾಕೆ ಒಪ್ಪಿದಿರಿ ಎಂದು ರೇಗಿದೆ.

ಅಕ್ಕ ಸೀರೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ನೀ ರಾಯಚೂರಾಗ ಇರತೀದಿ," ಅಂದಳು. "ಈ ಬಿಸಲಾಗ ಒಂದ ಕೊಡ ಸಿಹಿನೀರಿಗೆ ಸುಳ್ಳ ಹೇಳು ಅಂದ್ರ ಹೇಳತೀವಿ, ಕುಣಿ ಅಂದ್ರ ಕುಣಿತೀವಿ. ಕೂಸಿಗೆ ಸವಳ ನೀರ ಕುಡಿಸಿ ನೋಡು, ಆಮ್ಯಾಲ ನನಗ ಬುದ್ಧಿ ಹೇಳು."

ನಾನು ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿದೆ.

ಸಾಹೇಬರು ಬಂದ ದಿನ ನಾನು ಊರ ಜನರ ನಡುವೆ ನಿಂತಿದ್ದೆ. ಬಾವಿಕಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು. ಹಸಿ ಸುಣ್ಣದ ಘಾಟು ಎಲ್ಲ ಕಡೆ ತುಂಬಿತ್ತು. ಗಾಲಿಗೆ ಎಣ್ಣೆ ಬಿಟ್ಟು ಹೊಸ ಹಗ್ಗ ಹಾಕಿದ್ದರು, ಮಾವಿನ ತೋರಣ ಬೇರೆ. ಸಾಹೇಬರು ಒಳ್ಳೆಯ ಮನುಷ್ಯರ ಹಾಗೆಯೇ ಕಂಡರು, ಶಹರದವರು, ಮೃದು ಮಾತಿನವರು. ಕೇರಿಯ ಹೆಂಗಸರು ಸಾಲಾಗಿ ಬಂದರು, ಮುಂದೆ ನಮ್ಮ ಅಕ್ಕ. ಗುತ್ತೇದಾರ ಕೈಮುಗಿದು, ಹಾಂ, ನೀರು ತುಂಬಿಕೊಳ್ಳಿರಿ ಎಂದ.

ಅವರು ಕೊಡಗಳನ್ನು ನೆಲಕ್ಕಿಟ್ಟರು. ಇಟ್ಟು, ಎಲ್ಲರೂ ಒಟ್ಟಿಗೆ ಹಿಂದೆ ಸರಿದರು. ಕೈ ಕಟ್ಟಿಕೊಂಡು ನಿಂತರು.

ಯಾರೂ ಅಲುಗಲಿಲ್ಲ. ಗುತ್ತೇದಾರನ ಮುಖ ಬಿಳಚಿತು. ಮುಂದೆ ಬಂದು ಸೇದಿರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವನು ಹುಬ್ಬು ಹಾರಿಸಿದ್ದು ಕಂಡು ಇವರು ಇನ್ನೂ ದೂರ ಹೋಗಬೇಕೇನೋ ಎಂದು ಮತ್ತಷ್ಟು ಹಿಂದೆ ಹೋದರು. ಎಲ್ಲವನ್ನೂ ಹೇಳಿಕೊಟ್ಟಿದ್ದ ಆ ಜಾಣ, ಸೀರೆ ಒಗೆಯಲು ಹೇಳಿದ್ದ, ಕೊಡ ಬೆಳಗಲು ಹೇಳಿದ್ದ. ಹಗ್ಗ ಹಿಡಿಯಿರಿ ಎಂದು ಹೇಳಿಕೊಡಬೇಕೆಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಅವನ ಮನೆಯಲ್ಲಿ ಬಾವಿ ಕಂಡರೆ ಕೈ ತಾನಾಗಿ ಹಗ್ಗಕ್ಕೆ ಹೋಗುತ್ತದೆ. ನಮ್ಮವರ ಕಾಲು ತಾನಾಗಿ ಹಿಂದೆ ಹೋಗುತ್ತದೆ. ಕೊನೆಗೆ ಸಾಹುಕಾರನ ಆಳೊಬ್ಬ, ಪಾಪ, ದಿನದ ರೂಢಿಯಂತೆ ತಾನೇ ಬಂದು ನೀರು ಸೇದಿ ಮೇಲಿಂದ ಕೊಡಗಳಿಗೆ ಸುರಿದ.

ಸಾಹೇಬರಿಗೆ ಏನೂ ಗೊತ್ತಾಗಲಿಲ್ಲ. ಹೆಂಗಸರು ತಮಗೆ ಮರ್ಯಾದೆ ಕೊಟ್ಟು ಹಿಂದೆ ಸರಿದರೆಂದು ತಿಳಿದು ಬಹುತ್ ಖೂಬ್ ಎಂದು ತಲೆದೂಗಿದರು. ಊರವರಿಗೆ ಎಲ್ಲ ಗೊತ್ತಾಯಿತು, ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಅವತ್ತೇ ರಾಯಚೂರಿನ ದಾರಿ ಹಿಡಿದೆ.

ಕಾಗದ ಉಳಿಸುವ ಕಾಲ. ನನ್ನ ಮೊದಲ ವರದಿಯನ್ನು ನಾನು ಕೈಯಲ್ಲಿ ಬರೆಯಲೇ ಇಲ್ಲ, ಪೆಟ್ಟಿಗೆಯ ಮುಂದೆ ನಿಂತು ನೇರ ಮೊಳೆಯಲ್ಲೇ ಜೋಡಿಸಿದೆ. ಸಿಟ್ಟು ಇತ್ತಲ್ಲ, ನೀಚ, ಲಫಂಗ, ರಕ್ತ ಹೀರುವವನು ಎಂದು ಕೈಗೆ ಸಿಕ್ಕ ಬೈಗುಳವನ್ನೆಲ್ಲ ಪೋಣಿಸಿದ್ದೆ. ಮಾಸ್ತರರು ಕರಡು ಓದಿ ಪಕ್ಕದಲ್ಲಿ ಬಂದು ನಿಂತರು.

"ಬೈಗಳ ಎಲ್ಲಾ ಕೀಳು," ಅಂದರು. "ಕೊಡ ಇಟ್ರು, ಹಿಂದ ಸರದ್ರು. ಅಷ್ಟ ಇರಲಿ. ನಮ್ಮ ಸೀಮಿ ಮಂದಿಗೆ ಅಷ್ಟ ಸಾಕು."

ಒಂದೊಂದೇ ಮೊಳೆ ಕಿತ್ತು ಪೆಟ್ಟಿಗೆಗೆ ವಾಪಸ್ಸು ಹಾಕಿದೆ. ಬಾಯಲ್ಲಿ ಅವನ್ನೇ ಗೊಣಗುತ್ತಿದ್ದೆ. ಆದರೆ ಕಿತ್ತ ಮೇಲೆ ಉಳಿದದ್ದನ್ನು ಓದಿದಾಗ ನನಗೇ ಮೈ ಜುಮ್ಮೆಂದಿತು. ಹುಣಸೆಮರದ ಗುಂಡಿ, ಅದರಲ್ಲಿ ಮಲಗಿದ ಕೋಳಿಗಳು, ಸುಣ್ಣ ಬಳಿದ ತೋಟದ ಬಾವಿ, ಹಿಂದೆ ಸರಿದ ಹೆಂಗಸರು, ಅದು ಮರ್ಯಾದೆಯಲ್ಲ ರೂಢಿ ಎಂಬ ಒಂದು ಮಾತು. ಮೇಲೆ 'ನಮ್ಮ ಬಾತ್ಮೀದಾರರಿಂದ' ಎಂದು ಮಾಸ್ತರರು ತಾವೇ ಮೊಳೆ ಆರಿಸಿ ಕೂಡಿಸಿದರು. ಬಾತ್ಮೀದಾರ, ಅಂದರೆ ಸುದ್ದಿಗಾರ. ಗಿರಣಿಯಲ್ಲಿ ನನ್ನನ್ನು ಲೇ ಎಂದಷ್ಟೇ ಕರೆಯುತ್ತಿದ್ದರು.

ಪತ್ರಿಕೆ ಮಾನ್ವಿಯ ಸಂತೆಗೆ ಹೋದ ದಿನ ಓದಿದವರು ಓದಿ ಮುಗಿಸಿ ಸುಮ್ಮನೆ ಕೂತರಂತೆ. ಇಲ್ಲಿ ಎಲ್ಲ ಊರಿಗೂ ಒಂದು ಕೇರಿ ಇತ್ತು, ಎಲ್ಲ ಬಾವಿಯ ಹತ್ತಿರವೂ ಕೊಡ ಇಟ್ಟು ನಿಂತವರಿದ್ದರು. ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಏಟು ಬೀಳಲು ತಡವಾಗಲಿಲ್ಲ. ತೋಟದ ಸಾಹುಕಾರ ಬಾವಿಗೆ ಆಳು ಕಾವಲಿಟ್ಟು ಕೇರಿಗೆ ಹನಿ ನೀರೂ ಹಾಕಬಾರದೆಂದು ಹುಕುಂ ಮಾಡಿದ. ಸುದ್ದಿ ತಿಳಿದು ಊರಿಗೆ ಹೋದೆ. ಕೇರಿಯ ಹಿರಿಯರು ಹುಣಸೆಮರದ ಕೆಳಗೆ ಕೂತಿದ್ದರು. ನನ್ನ ಸ್ವಂತ ಸೋದರಮಾವ, ನನ್ನನ್ನು ಹೆಗಲ ಮೇಲೆ ಹೊತ್ತು ಸಾಕಿದವನು, ಮುಖ ಎತ್ತಿ ನೋಡದೆ ಕೇಳಿದ.

"ನಿನ್ನ ಪೇಪರ ಹಿಂಡಿದ್ರ ನೀರ ಬರತಾವೇನಲೇ ಮಾನ್ಯಾ?"

ಇಷ್ಟು ದಿನ ಮೇಲಿಂದ ಸುರಿಸಿಕೊಂಡಾದರೂ ಸಿಗುತ್ತಿದ್ದ ನೀರು ನನ್ನಿಂದ ನಿಂತಿತ್ತು. ಹೆಂಗಸರು ಬೆಳಗಿನಿಂದ ಹಳ್ಳದಲ್ಲಿ ಮರಳು ತೋಡುತ್ತಿದ್ದರು. ಅಕ್ಕನ ಉಗುರುಗಳು ಸವೆದು ರಕ್ತ ಬಂದಿತ್ತು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಬೈದದ್ದು ತನ್ನನ್ನೇ. ಅಷ್ಟು ಮಾತಾಡುವ ತಾನು ಅವತ್ತು ಯಾಕೆ ಹಿಂದೆ ಸರಿದೆ, ಕಾಲಿಗೆ ಯಾರು ಹೇಳಿದರು ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಬರೆದದ್ದು ಬರೆದಿದ್ದೀಯ, ಈಗ ಹೆದರಿ ಹಿಂದೆ ಸರಿಯಬೇಡ, ನಮ್ಮ ಮನೆತನದಲ್ಲಿ ಸರಿದದ್ದು ಸಾಕು ಎಂದಳು. ನಾನು ಅತ್ತುಬಿಟ್ಟೆ.

ಅತ್ತ ರಾಯಚೂರಿನಲ್ಲಿ ಮಾಸ್ತರರಿಗೆ ಕಚೇರಿಯಿಂದ ಕರೆ ಬಂತು. ನನ್ನನ್ನೂ ಕರೆದುಕೊಂಡು ಹೋದರು. ತಾಲೂಕುದಾರ ಸಾಹೇಬರು ಸಿಟ್ಟಾಗಿದ್ದರು ಎನ್ನುವುದಕ್ಕಿಂತ ನೊಂದಿದ್ದರು. ಉರ್ದುವಿನಲ್ಲಿ ಅವರು ಹೇಳಿದ್ದು ಇಷ್ಟು: ಬಾವಿಯನ್ನು ನಾನೇ ಕಂಡಿದ್ದೇನೆ, ಹೆಂಗಸರನ್ನೂ ನೀರನ್ನೂ ಕಂಡಿದ್ದೇನೆ, ನೀವು ನನ್ನ ಕಣ್ಣನ್ನೇ ಸುಳ್ಳು ಮಾಡುತ್ತೀರಾ? ಮಾಸ್ತರರಿಗೆ ಉರ್ದು ಚೆನ್ನಾಗಿಯೇ ಬರುತ್ತಿತ್ತು. ಆದರೂ ಕನ್ನಡದಲ್ಲೇ ಉತ್ತರ ಕೊಟ್ಟರು, ಗುಮಾಸ್ತನೊಬ್ಬ ಅದನ್ನು ತಿರುಗಿಸಿ ಹೇಳಿದ.

"ತಮ್ಮ ಕಣ್ಣ ಸುಳ್ಳಲ್ಲರೀ ಸಾಹೇಬ್ರ. ಒಂದ ಕೇಳತೀನಿ. ಸ್ವಂತ ಬಾವಿ ಇದ್ದಾವರು ಕೊಡ ಇಟ್ಟು ಯಾರ ಹಾದಿ ಕಾಯ್ತಾರ?"

ಸಾಹೇಬರು ಗುಮಾಸ್ತನಿಂದ ವರದಿಯನ್ನು ಇನ್ನೊಮ್ಮೆ ಓದಿಸಿ ಕೇಳಿದರು. ಕೊನೆಗೆ, ತನಿಖೆ ಮುಗಿಯುವ ತನಕ ಅಚ್ಚುಕೂಟಕ್ಕೆ ಬೀಗ ಎಂದರು. ವರದಿ ಸುಳ್ಳಾದರೆ ಪರವಾನಗಿ ರದ್ದು. ಅಂದರೆ ಪತ್ರಿಕೆಯ ಕಥೆಯೂ ಅಲ್ಲಿಗೆ ಮುಗಿಯುತ್ತದೆ. ಹೊರಗೆ ಬಂದು ಮಾಸ್ತರರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ನಡಿಯಪ್ಪ, ಬಹಳ ದಿನದಿಂದ ನಿದ್ದೆ ಸರಿಯಾಗಿಲ್ಲ, ಮನೆಗೆ ಹೋಗಿ ಮಲಗೋಣ ಎಂದರು.

ಬೀಗ ಬಿದ್ದ ಅಚ್ಚುಕೂಟದ ಕಟ್ಟೆಯ ಮೇಲೆ ನಾವು ಸುಮ್ಮನೆ ಕೂರುತ್ತಿದ್ದೆವು. ಅಲ್ಲಿಗೂ ಜನ ಬಂದರು. ನಮ್ಮಲ್ಲಿ ಶಾಲೆ ಇದೆ ಎನ್ನುತ್ತಾರೆ, ಇಲ್ಲ, ಬಂದು ನೋಡಿರಿ ಎಂದು ಒಬ್ಬರು. ನಮ್ಮ ಕೆರೆಯ ತೂಬು ಕಟ್ಟಿದ್ದಾರಂತೆ, ಎಲ್ಲಿದೆಯೋ ಕಾಣೆವು ಎಂದು ಇನ್ನೊಬ್ಬರು. ಚಂದ್ರಬಂಡದ ರೈತನೊಬ್ಬ ಬಂಡಿಯಲ್ಲಿ ಜೋಳದ ಚೀಲ ತಂದು ಇಳಿಸಿ, ಪತ್ರಿಕೆ ನಿಂತರೂ ಕೆಲಸದವರ ಹೊಟ್ಟೆ ನಿಲ್ಲಬಾರದು ಎಂದು ಹೇಳಿ ಹೆಸರನ್ನೂ ಹೇಳದೆ ಹೋದ. ಮಟಮಾರಿಯ ಕಡೆಯವರು ಉಪ್ಪಿನಕಾಯಿ ಕಳಿಸಿದರು. ಆ ದಿನಗಳಲ್ಲಿ ನಾನು ತಿಂದಷ್ಟು ಒಳ್ಳೆಯ ಊಟ ಮುಂದೆಂದೂ ತಿಂದಿಲ್ಲ.

ಮುಂದಿನದು ನಾನು ಕಣ್ಣಾರೆ ನೋಡಿದ್ದಲ್ಲ, ಅಕ್ಕ ಹೇಳಿದ್ದು. ಮಾಸ್ತರರ ನಿಯಮವನ್ನು ಇಲ್ಲಿ ಮುರಿಯುತ್ತೇನೆ, ಯಾಕೆಂದರೆ ಅಕ್ಕ ಅದನ್ನು ಸಾಯುವತನಕ ಸಿಕ್ಕಸಿಕ್ಕವರಿಗೆ ಹೇಳಿ ನಗಿಸಿದಳು. ಸಾಹೇಬರು ಒಂದು ದಿನ ಗುತ್ತೇದಾರನಿಗೂ ಗೌಡನಿಗೂ ಹೇಳದೆ, ಕನ್ನಡ ಬಲ್ಲ ಒಬ್ಬ ಜವಾನನನ್ನು ಮಾತ್ರ ಕರೆದುಕೊಂಡು ಮಟಮಟ ಮಧ್ಯಾಹ್ನ ನೇರ ಕೇರಿಗೇ ಬಂದರು. ಎದುರಿಗೆ ಸಿಕ್ಕವಳು ಅಕ್ಕ. ನಿಮ್ಮ ಬಾವಿ ತೋರಿಸಮ್ಮ ಎಂದು ಕೇಳಿಸಿದರು. ಅಕ್ಕ ಕೊಡ ಹೊತ್ತು, ಬರ್ರಿ ಎಂದಳು. ತೋಟದ ಕಡೆ ತಿರುಗಲಿಲ್ಲ. ಕೇರಿ ದಾಟಿ, ಜಾಲಿಗಿಡ ದಾಟಿ, ಹಳ್ಳದ ಕಡೆ ನಡೆದಳು. ಸಾಹೇಬರ ಬೂಟಿನ ತುಂಬ ಕಾದ ಮರಳು. ಇನ್ನೆಷ್ಟು ದೂರ ಎಂದು ಕೇಳಿದಾಗಲೆಲ್ಲ, ಇಲ್ಲೇ ಬಂತು ಎನ್ನುತ್ತ ಮುಂದೆ ಮುಂದೆ ಹೋದಳು. ಮೊಳದುದ್ದದ ಒಂದು ಮರಳ ಗುಂಡಿಯ ಮುಂದೆ ನಿಂತಳು.

"ಇದ ನೋಡ್ರಿ ನಮ್ಮ ಬಾವಿ," ಅಂದಳು. "ಇದಕ್ಕ ಗುತ್ತೇದಾರರು ನಾವಽ. ದಿನಾ ತೋಡತೀವಿ, ದಿನಾ ಮುಚ್ಚತದ."

ಸಾಹೇಬರು ಕುಕ್ಕರಗಾಲಲ್ಲಿ ಕೂತು ಒರತೆ ತುಂಬುವುದನ್ನು ನೋಡಿದರಂತೆ. ಒಂದು ಬಟ್ಟಲು ತುಂಬುವಷ್ಟರಲ್ಲಿ ಅವರ ಟೋಪಿ ಬೆವರಿನಿಂದ ತೊಯ್ದಿತ್ತು. ಏಳುವಾಗ ಅಕ್ಕನಿಗೆ ಕೈ ಎತ್ತಿ ಸಲಾಮು ಮಾಡಿದರು. ಸುಳ್ಳು ಹೇಳುವುದು ಅಕ್ಕನ ಸ್ವಭಾವವಲ್ಲ, ನಾನು ನಂಬುತ್ತೇನೆ.

ಗುತ್ತೇದಾರನ ಸರಕಾರಿ ಕೆಲಸಗಳೆಲ್ಲ ಕೈತಪ್ಪಿದವು, ಅವನಿಗೆ ದಂಡ ಬಿತ್ತು. ಅಚ್ಚುಕೂಟದ ಬೀಗ ತೆಗೆದರು. ಹುಣಸೆಮರದ ಹತ್ತಿರದ ಗುಂಡಿಯನ್ನು ಸಾಹೇಬರ ಹುಕುಮಿನಂತೆ ನಮ್ಮ ಕೇರಿಯವರೇ ಕೂಲಿ ಪಡೆದು ಆಳಕ್ಕೆ ತೋಡಿದರು. ನನ್ನ ಮಾವ ಮುಂದೆ ನಿಂತು ಬಂಡೆ ಒಡೆದ. ಕೋಳಿಗಳಿಗೆ ಮಾತ್ರ ನ್ಯಾಯ ಸಿಗಲಿಲ್ಲ. ಮುಂಗಾರಿನ ಮೊದಲ ಮೋಡ ಕಟ್ಟುವ ಹೊತ್ತಿಗೆ ತಳದಲ್ಲಿ ನೀರು ಜಿನುಗಿ, ನಾಲ್ಕಾರು ದಿನದಲ್ಲಿ ಆಳುದ್ದ ನಿಂತಿತು. ಬಾಯಿಗೆ ಹಾಕಿದರೆ ಎಳನೀರು.

ಗಂಗೆಪೂಜೆಗೆ ಮಾಸ್ತರರೂ ರಾಯಚೂರಿನಿಂದ ಬಂದರು. ಬಂಡಿಯಲ್ಲಿ ಕುಲುಕಿ ಕುಲುಕಿ ಸುಸ್ತಾಗಿದ್ದರು. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಾಯಿತು. ಹೆಂಗಸರು ಮೊದಲ ನೀರು ತುಂಬಲು ಸಾಲಾಗಿ ಬಂದರು. ಹೊಸ ಕಟ್ಟೆಯ ಹತ್ತಿರ ಕೊಡಗಳನ್ನು ಇಟ್ಟರು.

ಇಟ್ಟು, ಹಿಂದೆ ಸರಿದರು.

ಬಾರಿಸುತ್ತಿದ್ದ ಹಲಗೆ ನಿಂತಿತು. ಕೊಡಗಳು ಕಟ್ಟೆಯ ಹತ್ತಿರ, ಹೆಂಗಸರು ದೂರದಲ್ಲಿ, ನಡುವೆ ಖಾಲಿ ನೆಲ. ಸೇದಿ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಹೋಗಿ ಎನ್ನಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಾಸ್ತರರು ನನ್ನ ಮೊಣಕೈ ಹಿಡಿದರು, ಸುಮ್ಮನಿರು ಎನ್ನುವಂತೆ. ಆಗ ಅಕ್ಕ ತನ್ನ ಕಾಲನ್ನೇ ಒಮ್ಮೆ ನೋಡಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಡೆದು ಬಂದು, ಕಟ್ಟೆ ಹತ್ತಿ, ಹಗ್ಗ ಹಿಡಿದಳು. ಗಾಲಿ ಕಿರ್ರೆಂದಿತು. ಅವಳಿಗೆ ಹಗ್ಗ ಜಗ್ಗುವ ರೂಢಿಯಿಲ್ಲ, ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಯಾರೋ ಒಬ್ಬಾಕೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು, ನಗುನಗುತ್ತಲೇ ಕಟ್ಟೆಯ ಹತ್ತಿರ ಬಂದರು.

ಅಕ್ಕ ಮೊದಲ ತಂಬಿಗೆ ತುಂಬಿ ಮಾಸ್ತರರ ಕಡೆ ಬಂದಳು. ಮಾಸ್ತರರಿಗೆ ಏನನಿಸಿತೋ, ಬಗ್ಗಿ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು, ನಾವು ಇಷ್ಟು ಕಾಲ ಒಡ್ಡಿದ ಹಾಗೆ. ಅಕ್ಕ ಸುರಿಯಲಿಲ್ಲ.

"ಬೊಗಸಿ ಬ್ಯಾಡ್ರೀ ಮಾಸ್ತರ," ಅಂದಳು. "ತಂಬಿಗಿ ಹಿಡೀರಿ. ನಮ್ಮ ಬಾವ್ಯಾಗ ಹಾಂಗ ಯಾರಿಗೂ ಹಾಕೂದಿಲ್ಲ."

ಮಾಸ್ತರರು ತಂಬಿಗೆ ಇಸಿದುಕೊಂಡು ಗಟಗಟನೆ ಕುಡಿದರು. ಕುಡಿದು ನನ್ನ ಕೈಗೆ ಕೊಟ್ಟರು.

ಆ ವಾರದ ವರದಿಯನ್ನೂ ನಾನೇ ನಿಂತು ಮೊಳೆಯಲ್ಲಿ ಜೋಡಿಸಿದೆ. ಕೊನೆಯ ಸಾಲು ಹೀಗಿತ್ತು: ಕೊಡ ಇಟ್ಟರು, ಹಿಂದೆ ಸರಿದರು, ಆಮೇಲೆ ಮುಂದೆ ಬಂದರು. ಮಾಸ್ತರರು ಕರಡು ಓದಿದರು. ಒಂದು ಮೊಳೆಯನ್ನೂ ಕೀಳಿಸಲಿಲ್ಲ.